ತುಕ್ಕಿನ ಮೇಲೆ ಬಳಿದ ಬಣ್ಣ

ಮಲ್ಪೆಯ ಕಡಲ ಬದಿಯಲ್ಲಿ ವರ್ಷಗಟ್ಟಲೆ ನಿಂತಿದ್ದ ಹಳೆಯ ಮಾರುತಿ 800 ಕಾರನ್ನು ಈಚೆಗೆ ಕೊಂಡ ಮೇಲೆ, ಅದನ್ನು ಹಿಂದೆ ರಿಪೇರಿ ಮಾಡಿದವರ ಕೈಚಳಕವೇ ನನಗೆ ದೊಡ್ಡ ತಲೆನೋವಾಗಿದೆ. ಉಪ್ಪುಗಾಳಿಯೂ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯೂ ಇರುವ ಉಡುಪಿಯಲ್ಲಿ ತುಕ್ಕು ಹಿಡಿಯುವುದು ಸಹಜ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ತುಕ್ಕನ್ನು ಉಜ್ಜಿ ತೆಗೆಯದೆ ಅದರ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ, ಒಳಗಿನ ತೇವ ಆರಲು ದಾರಿಯಿಲ್ಲದೆ ತಗಡನ್ನು ತಿನ್ನುತ್ತಲೇ ಇರುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ ಮಳೆನೀರು ಬಸಿದುಹೋಗಲೆಂದೇ ಇರುವ ಸಣ್ಣ ತೂತುಗಳನ್ನೂ ಆ ಪುಟ್ಟಿ ಮುಚ್ಚಿದ್ದರಿಂದ, ಬಾಗಿಲು ತೆರೆದಾಗಲೆಲ್ಲ ಒಳಗೆ ನೀರು ಕುಲುಕಾಡುವ ಸದ್ದು ಕೇಳುತ್ತಿತ್ತು. ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲನೆ ಕೆದಕಿದಾಗ ಕಂದು ನೀರಿನೊಡನೆ ತಗಡಿನ ಚೂರುಗಳೂ ಉದುರಿದವು. ಎಂಜಿನ್ ತಣಿಸುವ ರೇಡಿಯೇಟರಿನದೂ ಇದೇ ಕತೆ: ಅದಕ್ಕೆಂದೇ ಇರುವ ಕೂಲೆಂಟ್ ದ್ರವದ ಬದಲು ಬಾವಿಯ ನೀರು ತುಂಬಿಸಿ ಒಳಗೆಲ್ಲ ಕೆಸರು ಕಟ್ಟಿಸಿದ್ದಾರೆ.

ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿದ್ದರೂ ಬಿಡಿಭಾಗಗಳಿಗೆ ನಾನು ಪರದಾಡಿಲ್ಲ. ಕೆಲಸಕ್ಕೆ ಕೊಟ್ಟಾಗಲೆಲ್ಲ "ಹಳೇ ಗಾಡಿ ಅಲ್ವಾ ಮಾರ್ರೆ, ಇಷ್ಟು ಸಾಕು" ಎಂಬ ಉತ್ತರ ಕೇಳಬೇಕಾಗಿರುವುದೇ ಬೇಸರ. (ಬಿಲ್ಲಿನಲ್ಲಿ ಮಾತ್ರ ಹಳೇ ದರ ಕಾಣುವುದಿಲ್ಲ.) ಮಳೆಗಾಲಕ್ಕೆ ಮುನ್ನ ಬಾಗಿಲಿನ ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯಿಸಬೇಕಾಗಿದ್ದು, ಆ ಕೆಲಸಕ್ಕೂ ಪುಟ್ಟಿಯನ್ನೇ ಸೂಚಿಸುವವರು ಇನ್ನೂ ಇದ್ದಾರೆ.