ಆ ಫೋನ್ ಕರೆಗಳಿಗೆ ನನಗೆ ನಗು ಬರಲಿಲ್ಲ

ನಿನ್ನೆ ರಾತ್ರಿ ‘ದಿ ವೆಡ್ಡಿಂಗ್ ರಿಂಗರ್’ ನೋಡಿದೆ. 2015ರ ಅಮೆರಿಕನ್ ಕಾಮಿಡಿ. ಜೊತೆಗಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಾನೂ ನಕ್ಕೆ. ಆದರೆ ಶುರುವಿನಲ್ಲೇ ಬರುವ ಆ ಫೋನ್ ಕರೆಗಳು ಇನ್ನೂ ತಲೆಯಲ್ಲಿ ಕೂತಿವೆ.

ಸಿನಿಮಾದ ನಾಯಕ ಡಗ್‌ನ ಮದುವೆ ಹತ್ತಿರ ಬಂದಿದೆ. ಅಲ್ಲಿನ ಮದುವೆಯಲ್ಲಿ ವರನ ಪಕ್ಕ ನಿಲ್ಲೋಕೆ, ಅವನ ಬಗ್ಗೆ ನಾಲ್ಕು ಮಾತಾಡೋಕೆ ಒಬ್ಬ ಆಪ್ತ ಗೆಳೆಯ ಬೇಕು, ಬೆಸ್ಟ್ ಮ್ಯಾನ್ ಅಂತ. ಅವನು ಒಬ್ಬೊಬ್ಬರಿಗೇ ಫೋನ್ ಮಾಡುತ್ತಾನೆ. ಯಾರೂ ಸಿಗಲ್ಲ. ಇದಕ್ಕೆ ನಗಬೇಕಂತೆ! ಗೆಳೆಯರಿಲ್ಲದ ಗಂಡಸು ಅಂದರೆ ಯಾಕೆ ಎಲ್ಲರಿಗೂ ಅಷ್ಟು ಸಸಾರ?

ಕೊನೆಗೆ ಅವನು ಜಿಮ್ಮಿಯ ಹತ್ತಿರ ಹೋಗುತ್ತಾನೆ. ದುಡ್ಡು ಕೊಟ್ಟರೆ ಬೆಸ್ಟ್ ಮ್ಯಾನ್ ಆಗೋದೇ ಜಿಮ್ಮಿಯ ಕೆಲಸ. ಮದುವೆಯಲ್ಲಿ ವರನ ಕಡೆ ನಿಲ್ಲೋಕೆ ಡಗ್‌ಗೆ ಇನ್ನೂ ಏಳು ಜನ ಗೆಳೆಯರು ಬೇಕು. ಅವರನ್ನೂ ಹುಡುಕಿ, ಸುಳ್ಳು ಹೆಸರು, ಸುಳ್ಳು ನೆನಪು, ಸುಳ್ಳು ಫೋಟೋ ಎಲ್ಲಾ ತಯಾರು ಮಾಡುತ್ತಾರೆ. ಜಿಮ್ಮಿಯದು ಒಂದೇ ಷರತ್ತು: ಇದು ಬರೀ ವ್ಯವಹಾರ, ಸ್ನೇಹ ಅಲ್ಲ.

ಇಬ್ಬರೂ ಬೇರೆ ಯಾರದೋ ಮದುವೆಯಲ್ಲಿ ಕುಣಿಯುವ ದೃಶ್ಯ ಒಂದಿದೆ. ಡಗ್ ಆಗಿ ದಪ್ಪ ಮೈಯ ಜಾಷ್ ಗ್ಯಾಡ್, ಜಿಮ್ಮಿಯಾಗಿ ಕುಳ್ಳ ಕೆವಿನ್ ಹಾರ್ಟ್. ಡಗ್‌ನ ಮುಖ ನೋಡಿ. ಇಷ್ಟು ದಿನ ಎಲ್ಲಿತ್ತೋ ಆ ಖುಷಿ! ಈ ಒಂದು ದೃಶ್ಯಕ್ಕೆ ಸಿನಿಮಾದ ಪೋಲಿ ಜೋಕುಗಳನ್ನೆಲ್ಲ ಕ್ಷಮಿಸಿಬಿಟ್ಟೆ. ಒಂದನ್ನು ಮಾತ್ರ ಕ್ಷಮಿಸಲ್ಲ. ಮದುವೆ ಮುರಿಯೋಕೆ ಸುಲಭ ಆಗಲಿ ಅಂತ ಹುಡುಗಿಯನ್ನೇ ಕೆಟ್ಟವಳನ್ನಾಗಿ ಮಾಡಿದ್ದಾರೆ. ಸುಳ್ಳು ಹೇಳಿದ್ದು ಡಗ್ ಅಲ್ವಾ? ಆ ನಾಚಿಕೆಯ ಬಗ್ಗೆಯೇ ಇನ್ನೂ ಸ್ವಲ್ಪ ಹೊತ್ತು ಮಾತಾಡಬಹುದಿತ್ತು.

“ಕಾಮಿಡಿ ಕಣೋ, ಸುಮ್ನೆ ನಕ್ಕು ಮರೆತುಬಿಡು” ಅಂದರು ಜೊತೆಗಿದ್ದವರು. ಮರೆಯೋಕಾಗಲ್ಲ. ಹೋದ ತಿಂಗಳು ಒಂದು ಅರ್ಜಿ ತುಂಬುತ್ತಿದ್ದೆ. ತುರ್ತು ಇದ್ದರೆ ಯಾರಿಗೆ ತಿಳಿಸಬೇಕು ಅಂತ ಒಂದು ಸಾಲು. ಮನೆಯವರದು ಬಿಟ್ಟು ಇನ್ನೊಂದು ಹೆಸರು ಬೇಕಿತ್ತು. ಪೆನ್ನು ಹಿಡಿದು ಕೂತೆ. ಫೋನಿನಲ್ಲಿ ನೂರಾರು ನಂಬರ್ ಇವೆ. ಎಲ್ಲರ ಜೊತೆಗೂ ಚೆನ್ನಾಗಿಯೇ ಇದ್ದೇನೆ. ಆದರೂ ಒಂದು ಹೆಸರು ಬರೆಯೋಕೆ ಧೈರ್ಯ ಬರಲಿಲ್ಲ. ಆ ಜಾಗ ಖಾಲಿ ಬಿಟ್ಟೇ ಕೊಟ್ಟೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಇವತ್ತು ಹೇಳುತ್ತಿದ್ದೇನೆ.

ನಾವು ಗಂಡಸರು ಗೆಳೆಯನಿಗೆ ಫೋನ್ ಮಾಡೋಕೂ ಒಂದು ಕಾರಣ ಹುಡುಕುತ್ತೇವೆ. ಕೆಲಸ ಇರಬೇಕು, ಇಲ್ಲ ಯಾರಿಗೋ ಏನೋ ಆಗಿರಬೇಕು. ಕಾರಣ ಸಿಗದೆ ವರ್ಷಗಳು ಹೋಗುತ್ತವೆ.

ಸಿನಿಮಾ ಮುಗಿದ ಮೇಲೆ, ಸ್ಕೂಲಿನಲ್ಲಿ ನನ್ನ ಪಕ್ಕವೇ ಕೂರುತ್ತಿದ್ದವನಿಗೆ ಫೋನ್ ಮಾಡಿದೆ. ಮಾತಾಡಿ ನಾಲ್ಕು ವರ್ಷ ಆಗಿತ್ತು.

“ಏನಾಯ್ತೋ? ಎಲ್ಲಾ ಆರಾಮಾ?” ಅಂದ, ಗಾಬರಿಯಲ್ಲಿ.

“ಏನೂ ಇಲ್ಲ ಕಣೋ, ಸುಮ್ನೆ ಮಾಡ್ದೆ.”

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅಂದ, “ಇರು, ಟಿವಿ ಆಫ್ ಮಾಡಿ ಬರ್ತೀನಿ. ಇಡಬೇಡ.”