ಗ್ರೌಟ್ ಬಿರುಕು ಬಿಟ್ಟಿದೆಯಾ? ಮೊದಲು ಕೆರೆಯಿರಿ, ಆಮೇಲೆ ತುಂಬಿ

ನೆಲದ ಟೈಲ್ಸ್ ಸಂದಿಗೆ ತುಂಬಿರುವ ಗ್ರೌಟ್, ಅಂದರೆ ಸಾಮಾನ್ಯವಾಗಿ ಸಿಮೆಂಟಿನ ಮಿಶ್ರಣ, ಬಿರುಕು ಬಿಟ್ಟಿದ್ದು ಕಂಡರೆ ಹೆಚ್ಚಿನವರು ಮಾಡುವುದು ಒಂದೇ. ಒಂದಿಷ್ಟು ವೈಟ್ ಸಿಮೆಂಟ್ ಕಲಸಿ, ಬೆರಳಲ್ಲಿ ಬಿರುಕಿನ ಮೇಲೆ ಸವರಿ, ಬಟ್ಟೆಯಲ್ಲಿ ಒರೆಸಿಬಿಡುತ್ತಾರೆ. ಅವತ್ತಿಗೆ ಚೆನ್ನಾಗಿಯೇ ಕಾಣುತ್ತದೆ. ಸ್ವಲ್ಪ ದಿನ ಹೋದ ಮೇಲೆ ಅದೇ ಜಾಗದಲ್ಲಿ ಚಕ್ಕೆ ಎದ್ದು ಪೊರಕೆಗೆ ಬರಲು ಶುರು. ಆಗ ಬೈಗುಳ ತಿನ್ನುವುದು ಸಿಮೆಂಟು. ಪಾಪ, ಅದೇನು ಮಾಡೀತು? ಕಾಗದದಷ್ಟು ತೆಳ್ಳಗಿನ ಪದರಕ್ಕೆ ಹಿಡಿದುಕೊಳ್ಳಲು ಜಾಗವೇ ಇರಲಿಲ್ಲ. ಕೆಳಗಿರುವ ಹಳೇ ಗ್ರೌಟೇ ಸಡಿಲ, ಅದರ ಮೇಲೆ ಕೊಳೆ, ಎಣ್ಣೆಜಿಡ್ಡು, ಸೋಪಿನ ಪದರ ಬೇರೆ.

ಹಾಗಾಗಿ ನಾನು ಹೇಳುವುದು ಇಷ್ಟೇ. ಯಾವ ಕಂಪನಿಯ ಗ್ರೌಟ್ ಒಳ್ಳೆಯದು ಅಂತ ಹುಡುಕುವ ಮೊದಲು ಎರಡು ಕೆಲಸ ಮಾಡಿ. ಯಾಕೆ ಬಿರುಕು ಬಿಟ್ಟಿತು ಅಂತ ನೋಡಿ. ಆಮೇಲೆ ಹಳೆಯದನ್ನು ಕೆರೆದು ತೆಗೆಯಿರಿ. ತುಂಬುವ ಕೆಲಸ ಇವೆರಡರ ಮುಂದೆ ಏನೂ ಅಲ್ಲ.

ಬಿರುಕು ಎಲ್ಲಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಒಂದೇ ಟೈಲಿನ ಸುತ್ತ ಬಿರುಕು ಬಿಟ್ಟಿದ್ದರೆ ಆ ಟೈಲನ್ನು ಬೆರಳ ಗಂಟಿನಿಂದ ತಟ್ಟಿ, ಪಕ್ಕದ್ದನ್ನೂ ತಟ್ಟಿ. ಇದರಲ್ಲಿ ಮಾತ್ರ ಟೊಳ್ಳು ಸದ್ದು ಬಂದರೆ ಕೆಳಗಿನ ಹಿಡಿತ ಬಿಟ್ಟುಹೋಗಿರುವ ಸಾಧ್ಯತೆ ಜಾಸ್ತಿ. ಕಾಲಿಟ್ಟಾಗ ಅಲುಗುತ್ತಿದ್ದರಂತೂ ಅನುಮಾನವೇ ಬೇಡ. ಆ ಟೈಲನ್ನು ಎಬ್ಬಿಸಿ ಮತ್ತೆ ಕೂರಿಸದೆ ಎಷ್ಟು ಸಲ ಗ್ರೌಟ್ ತುಂಬಿದರೂ ನಿಲ್ಲುವುದಿಲ್ಲ. ಕೋಣೆಯ ಈ ಕಡೆಯಿಂದ ಆ ಕಡೆಗೆ ಹತ್ತಾರು ಟೈಲ್ ದಾಟಿ ಒಂದೇ ಗೆರೆಯಲ್ಲಿ ಬಿರುಕು ಓಡಿದ್ದರೆ, ಕೆಳಗಿನ ಕಾಂಕ್ರೀಟೇ ಬಿರುಕು ಬಿಟ್ಟಿರಬಹುದು ಅಥವಾ ಅಲುಗುತ್ತಿರಬಹುದು. ಅದನ್ನು ತಿಳಿದವರಿಗೆ ತೋರಿಸಿ. ಅಲ್ಲಲ್ಲಿ ಸಣ್ಣ ಸಣ್ಣ ಗೀರು, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತದೆ ಅಂದರೆ, ಹಾಕಿದವರು ಕಲಸುವಾಗ ನೀರು ಜಾಸ್ತಿ ಸುರಿದಿರುವ ಸಾಧ್ಯತೆಯೇ ಹೆಚ್ಚು. ಹೆಚ್ಚಾದ ನೀರು ಆರಿ ಹೋಗುವಾಗ ಗ್ರೌಟ್ ಕುಗ್ಗುತ್ತದೆ, ಒಳಗೆ ಸಣ್ಣ ತೂತುಗಳೂ ಉಳಿಯುತ್ತವೆ. ಮನೆಯಲ್ಲಿ ನಾವೇ ಕೂತು ಸರಿಮಾಡಬಹುದಾದ್ದು ಮುಖ್ಯವಾಗಿ ಈ ಕೊನೆಯದನ್ನು.

ಗೋಡೆಯಂಚಿನ ಬಿರುಕಿನ ಕಥೆ ಬೇರೆ. ನೆಲ, ಗೋಡೆ ಕೂಡುವ ಸಂದಿನಲ್ಲಿ ಗ್ರೌಟ್ ಹಾಕುವುದೇ ತಪ್ಪು ಅನ್ನುವವನು ನಾನು. ಬಿಸಿಲಿಗೆ, ತೇವಕ್ಕೆ ನೆಲ ಸ್ವಲ್ಪ ಹಿಗ್ಗುತ್ತದೆ, ಕುಗ್ಗುತ್ತದೆ. ಸಿಮೆಂಟ್ ಗ್ರೌಟ್ ಬಾಗುವುದಿಲ್ಲ, ಹಾಗಾಗಿ ಸೀಳುತ್ತದೆ. ಅಲ್ಲಿ ಬೇಕಾಗಿರುವುದು ಸಿಲಿಕೋನಿನಂಥ ಎಳೆದರೆ ಹಿಗ್ಗುವ ಸೀಲೆಂಟ್. ದೊಡ್ಡ ಹಾಲ್ ಆದರೆ ನಡುವೆಯೂ ಇಂಥ ಮೆತ್ತನೆ ಸಂದುಗಳು ಬೇಕಾಗುತ್ತವೆ. ಉತ್ತರ ಅಮೆರಿಕದ ಟೈಲ್ ಕೌನ್ಸಿಲ್‌ನ ಕೈಪಿಡಿ ಮನೆಯೊಳಗೆ ಹೆಚ್ಚೆಂದರೆ 25 ಅಡಿಗೊಂದು, ನೇರ ಬಿಸಿಲು ಬೀಳುವ ಕಡೆ 12 ಅಡಿಗೊಂದು ಅನ್ನುತ್ತದೆ. ಎಷ್ಟು ಮನೆಗಳಲ್ಲಿ ಇದನ್ನು ಬಿಟ್ಟಿರುತ್ತಾರೆ ಹೇಳಿ?

ಈಗ ಕೆರೆಯುವ ವಿಷಯ. ಬೇಜಾರಿನ ಕೆಲಸ, ಸುಳ್ಳು ಹೇಳುವುದಿಲ್ಲ. ಮೊಣಕಾಲು ನೋಯುತ್ತದೆ, ಮನೆಯೆಲ್ಲ ಧೂಳು. ಆದರೆ ಟೈಲಿನ ದಪ್ಪದ ಮೂರನೇ ಎರಡು ಭಾಗದಷ್ಟು ಆಳಕ್ಕಾದರೂ ಹಳೆಯದು ಹೋಗಬೇಕು. 9 ಮಿಲಿಮೀಟರ್ ಟೈಲ್ ಆದರೆ 6 ಮಿಲಿಮೀಟರ್. ಜಾಗ ಕಡಿಮೆಯಿದ್ದರೆ ಕೈಯಲ್ಲಿ ಹಿಡಿಯುವ ಗ್ರೌಟ್ ಗರಗಸ ಸಾಕು. ಜಾಸ್ತಿಯಿದ್ದರೆ ಬ್ಲೇಡ್ ಅದುರಿ ಕೊರೆಯುವ ಮಲ್ಟಿ ಟೂಲ್ ಬಳಸಿ. ಕೈ ಪಳಗದವರು ಗ್ರೈಂಡರ್ ಮುಟ್ಟಬೇಡಿ. ಒಂದು ಸಲ ಜಾರಿದರೆ ಟೈಲಿನ ಹೊಳಪಿನ ಮೇಲೆ ಗೀರು ಬೀಳುತ್ತದೆ, ಅದು ವಾಸಿಯಾಗುವುದಿಲ್ಲ. ಈ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಒಳ್ಳೆಯ ಮಾಸ್ಕ್, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಕೂರಿ. ಆಮೇಲೆ ಸಂದಿನ ಪುಡಿಯನ್ನೆಲ್ಲ ವ್ಯಾಕ್ಯೂಮಿನಲ್ಲಿ ಎಳೆದುಬಿಡಿ. ಪುಡಿ ಉಳಿದರೆ ಹೊಸದು ಪುಡಿಗೆ ಅಂಟುತ್ತದೆ, ಟೈಲಿಗಲ್ಲ.

ಸಂದು 3 ಮಿಲಿಮೀಟರಿಗಿಂತ ಅಗಲ ಇದ್ದರೆ ಮರಳು ಬೆರೆತ ಗ್ರೌಟ್ ತನ್ನಿ, ಕಿರಿದಾಗಿದ್ದರೆ ಮರಳಿಲ್ಲದ್ದು. ಅಗಲದ ಸಂದಿಗೆ ಮರಳಿಲ್ಲದ್ದು ತುಂಬಿದರೆ ಕುಗ್ಗಿ ಮತ್ತೆ ಬಿರುಕು ಬಿಡುತ್ತದೆ. ನೀರು ಪ್ಯಾಕೆಟ್ ಮೇಲೆ ಬರೆದಷ್ಟೇ. ಟೂತ್‌ಪೇಸ್ಟಿನ ಹದ ಬಂದರೆ ಸರಿ. ಕಲಸಿ ಐದು ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಿ. ಗಟ್ಟಿಯಾಯಿತು ಅಂತ ಆಮೇಲೆ ನೀರು ಹನಿಸಲು ಹೋಗಬೇಡಿ. ಸಂದನ್ನು ಸ್ವಲ್ಪ ಒದ್ದೆ ಮಾಡಿ, ನೀರು ನಿಲ್ಲುವಷ್ಟಲ್ಲ. ರಬ್ಬರ್ ಹಲಗೆಯಲ್ಲಿ ಸಂದಿಗೆ ಓರೆಯಾಗಿ ಎಳೆಯುತ್ತಾ ತಳದವರೆಗೆ ಒತ್ತಿ ತುಂಬಿ.

ಒರೆಸುವಾಗಲೂ ಕೆಲಸ ಹಾಳಾಗಬಹುದು. ಸ್ಪಾಂಜಿನಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಮೇಲಿನ ಸಿಮೆಂಟೂ ಬಣ್ಣವೂ ತೊಳೆದುಹೋಗುತ್ತವೆ. ಆರಿದ ಮೇಲೆ ಒಂದು ಕಡೆ ಕಪ್ಪು, ಒಂದು ಕಡೆ ಬಿಳುಪು. ಚೆನ್ನಾಗಿ ಹಿಂಡಿ, ಓರೆಯಾಗಿ, ಹಗುರವಾಗಿ ಒರೆಸಿ. ಬೇಗ ಒಣಗಲಿ ಅಂತ ಫ್ಯಾನ್ ಹಾಕುವ ಅಭ್ಯಾಸ ಒಂದಿದೆ, ಅದು ಬೇಡವೇ ಬೇಡ. ಸಿಮೆಂಟಿಗೆ ಗಟ್ಟಿಯಾಗಲು ತೇವ ಬೇಕು. ಒಂದು ದಿನ ಅದರ ಮೇಲೆ ಓಡಾಡದೆ ಬಿಟ್ಟುಬಿಡಿ.

ಸಿಮೆಂಟಿನ ಬದಲು ರಾಳದಿಂದ (ರೆಸಿನ್) ಮಾಡಿದ ಎಪಾಕ್ಸಿ ಗ್ರೌಟ್ ಹಾಕಿಬಿಡೋಣ ಅಂತ ಕೆಲವರು. ಕಲೆ ಹಿಡಿಯುವುದಿಲ್ಲ, ನೀರನ್ನು ಅಷ್ಟಾಗಿ ಹೀರುವುದಿಲ್ಲ, ಗಟ್ಟಿ, ಎಲ್ಲಾ ನಿಜ. ಆದರೆ ಬೇಗ ಗಟ್ಟಿಯಾಗುತ್ತದೆ, ಟೈಲಿನ ಮೇಲೆ ಉಳಿದ ಪದರವನ್ನು ಆಮೇಲೆ ತೆಗೆಯುವುದು ದೊಡ್ಡ ಕಷ್ಟ. ಅಲುಗುವ ಟೈಲಿಗೆ ಅದೂ ಪರಿಹಾರವಲ್ಲ. ಮೊದಲ ಸಲ ಕೈ ಹಾಕುವವರಿಗೆ ನಾನು ಸಿಮೆಂಟ್ ಗ್ರೌಟನ್ನೇ ಹೇಳುತ್ತೇನೆ.

ಇನ್ನು, ಬಾತ್‌ರೂಮಿನಿಂದ ಕೆಳಗಿನ ಮನೆಗೆ ನೀರು ಸೋರುತ್ತಿದೆ ಅಂತ ಗ್ರೌಟ್ ಬದಲಿಸುವವರಿದ್ದಾರೆ. ಸಿಮೆಂಟ್ ಗ್ರೌಟ್ ನೀರನ್ನು ಪೂರ್ತಿ ತಡೆಯುವ ವಸ್ತುವೇ ಅಲ್ಲ. ತಡೆಯಬೇಕಾದ್ದು ಟೈಲಿನ ಕೆಳಗಿನ ವಾಟರ್‌ಪ್ರೂಫಿಂಗ್. ಅದು ಹೋಗಿದ್ದರೆ ಮೇಲೆ ಏನು ತುಂಬಿದರೂ ಅಷ್ಟೇ. ಪೈಪ್ ಒಡೆದಿದೆಯಾ ಅಂತಲೂ ನೋಡಿಸಿ.

ಬಣ್ಣದ ಬಗ್ಗೆ ಒಂದು ಮಾತು. ಸಿಮೆಂಟ್ ಗ್ರೌಟ್ ಹಸಿಯಿದ್ದಾಗ ಗಾಢವಾಗಿ ಕಾಣುತ್ತದೆ, ಆರಿದ ಮೇಲೆ ತಿಳಿಯಾಗುತ್ತದೆ. ಮೂಲೆಯಲ್ಲಿ ಸ್ವಲ್ಪ ತುಂಬಿ, ಪೂರ್ತಿ ಆರಿದ ಮೇಲೆ ಹೋಲಿಸಿ ನೋಡಿ. ಆದರೂ ವರ್ಷಗಟ್ಟಲೆ ಒರೆಸಿಸಿಕೊಂಡ ಹಳೇ ಗ್ರೌಟಿಗೆ ಹೊಸದು ಅಷ್ಟು ಸುಲಭವಾಗಿ ಹೊಂದುವುದಿಲ್ಲ. ನಾನಂತೂ ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಹಠ ಇರುವವರಿಗೆ ಗ್ರೌಟಿಗೆ ಹಚ್ಚುವ ಬಣ್ಣ ಸಿಗುತ್ತದೆ, ಇಡೀ ನೆಲದ ಸಂದಿಗೆ ಹಚ್ಚುತ್ತಾ ಕೂರುವ ತಾಳ್ಮೆಯೊಂದಿರಬೇಕು.