ಮಂಡಕ್ಕಿ ಹಿಮ

ದಾವಣಗೆರೆಯಲ್ಲಿ ಹಿಮ ಬೀಳುವುದಿಲ್ಲ. ಡಿಸೆಂಬರ್‌ನಲ್ಲೂ ಮಧ್ಯಾಹ್ನ ಫ್ಯಾನ್ ಬೇಕು. ಆದರೆ ಕ್ರಿಸ್‌ಮಸ್‌ಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಮನೆ, ಕಟ್ಟುವಾಗ ನಮ್ಮ ಮಕ್ಕಳಿಗೆ ಹಿಮ ಬೇಕೇ ಬೇಕು. ಯೇಸು ಹುಟ್ಟಿದ ರಾತ್ರಿ ಹಿಮ ಬಿತ್ತು ಅಂತ ಬೈಬಲ್‌ನಲ್ಲಿ ಎಲ್ಲೂ ಇಲ್ಲ ಕಣ್ರೋ ಅಂದರೆ, "ಗ್ರೀಟಿಂಗ್ ಕಾರ್ಡ್‌ನಲ್ಲಿ ಇದೆಯಲ್ಲಪ್ಪಾ" ಅಂತ ಮಗಳು ನನ್ನ ಬಾಯಿ ಮುಚ್ಚಿಸಿದಳು.

ಹೋದ ವರ್ಷ ಹತ್ತಿಯ ಹಿಮ ಮಾಡಿದ್ದೆವು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು. ನಮಗೆ ಸಿಕ್ಕಿದ್ದು ಮಾತ್ರ ಅವ್ವನ ಹಳೇ ದಿಂಬಿನ ಹತ್ತಿ. ಸೆಕೆ ಅಂತ ನಾನು ಫ್ಯಾನ್ ಹಾಕಿದೆ. ಹಿಮವೆಲ್ಲ ಎದ್ದು, ಪಕ್ಕದಲ್ಲೇ ಲಟ್ಟಿಸಿಟ್ಟಿದ್ದ ಕರ್ಜಿಕಾಯಿ ಹಿಟ್ಟಿನ ಮೇಲೆ ಕೂತಿತು. ಆ ಕ್ರಿಸ್‌ಮಸ್‌ಗೆ ಬಂದ ನೆಂಟರು ಕರ್ಜಿಕಾಯಿ ಕಚ್ಚಿ, ಹಲ್ಲಿನ ಸಂದಿಯಿಂದ ಎಳೆ ಎಳೆಯುತ್ತಾ ಕೂತಿದ್ದರು.

ಈ ವರ್ಷ ಅಲಂಕಾರಕ್ಕೆ 500 ರೂಪಾಯಿ, ಮೇಲೆ ಒಂದು ಪೈಸೆ ಇಲ್ಲ ಅಂತ ನನ್ನ ಹೆಂಡತಿ ತೀರ್ಪು ಕೊಟ್ಟಳು. ಕ್ರಿಸ್‌ಮಸ್ ಮರಕ್ಕೆ ಸರ್ವೆ ಮರದ ಕೊಂಬೆ, ಅದು ಪುಕ್ಕಟೆ. ನಮ್ಮ ನಕ್ಷತ್ರ ಹರಿದುಹೋಗಿತ್ತು. ಪಕ್ಕದ ಮನೆ ಅಕ್ಕ ದೀಪಾವಳಿಯ ಆಕಾಶಬುಟ್ಟಿ ಕೊಟ್ಟರು. ಜೊತೆಗೆ ಗಣಪತಿಗೆ ಹಾಕಿದ್ದ ಸೀರಿಯಲ್ ಸೆಟ್ಟೂ ಬಂತು. ಗೋದಲಿಯ ಗೊಂಬೆಗಳು ಅವ್ವನ ಮದುವೆ ಕಾಲದವು, ಪಿಂಗಾಣಿಯವು. ಜೋಸೆಫರಿಗೆ ಒಂದು ಕೈ ಇಲ್ಲ. ಒಂಟೆಗೆ ಕತ್ತಿಲ್ಲ. ಕುರಿ ಒಂದು ಕಮ್ಮಿಯಾಗಿ ನಾಲ್ಕು ವರ್ಷವಾಯಿತು, ಆ ಜಾಗದಲ್ಲಿ ಮಗನ ಡೈನೋಸಾರ್ ಮೇಯುತ್ತಿದೆ. ಹೊಸ ಸೆಟ್ಟಿನ ಬೆಲೆ ಕೇಳಿದ್ದೆ. ಕೇಳಿ, ಅಂಗಡಿಯವನಿಗೆ ಹ್ಯಾಪಿ ಕ್ರಿಸ್‌ಮಸ್ ಹೇಳಿ ವಾಪಸ್ ಬಂದೆ.

ಉಳಿದಿದ್ದು ಹಿಮ. ನಮ್ಮೂರಲ್ಲಿ ಬೆಳ್ಳಗೆ, ಹಗುರವಾಗಿ, ಅಗ್ಗವಾಗಿ ಏನು ಸಿಗುತ್ತದೆ ಹೇಳಿ? ಮಂಡಕ್ಕಿ ಭಟ್ಟಿಗೆ ಹೋಗಿ ಒಂದು ಚೀಲ ತಂದೆ.

ಅರ್ಧ ಮಂಡಕ್ಕಿಯನ್ನು ಮೈದಾ ಅಂಟಿನಿಂದ ಕೊಟ್ಟಿಗೆಯ ರಟ್ಟಿಗೆ ಮೆತ್ತುವುದು, ಇನ್ನರ್ಧ ಪೋಣಿಸಿ ಮರಕ್ಕೆ ಹಾರ ಹಾಕುವುದು ಅಂತ ಲೆಕ್ಕ. ಪೋಣಿಸುವುದು ಮಲ್ಲಿಗೆ ಪೋಣಿಸಿದ ಹಾಗೆ ಅಂದುಕೊಂಡಿದ್ದೆ. ತಾಜಾ ಮಂಡಕ್ಕಿ ಗರಿಗರಿ, ಸೂಜಿ ತಾಗಿದರೆ ಎರಡು ಹೋಳು. ಒಂದು ಗಂಟೆಯಲ್ಲಿ ಹಾರ ಗೇಣುದ್ದ, ಪುಡಿ ಮೊರದ ತುಂಬಾ. "ರಾತ್ರಿ ಗಾಳಿಗೆ ಬಿಡಪ್ಪ, ಮೆತ್ತಗಾಗ್ತದೆ" ಅಂದರು ಅವ್ವ. ಬಿಟ್ಟೆ. ಮಾರನೇ ದಿನ ಸೂಜಿ ಸರಾಗವಾಗಿ ಇಳಿಯಿತು. ಸಂಜೆ ದೀಪ ಹಾಕಿದಾಗ ನಮ್ಮ ಕೊಟ್ಟಿಗೆ ನಿಜಕ್ಕೂ ಹಿಮ ಬಿದ್ದಂತೆಯೇ ಕಂಡಿತು. ಸ್ವಲ್ಪ ಸುಟ್ಟ ಹಿಮ, ಅಷ್ಟೇ.

ಸಂತ ಫ್ರಾನ್ಸಿಸ್ ಅಸ್ಸಿಸಿಯವರು 1223ರಲ್ಲಿ ಇಟಲಿಯ ಗ್ರೇಚೊ ಎಂಬಲ್ಲಿ ಗೋದಲಿ ಮಾಡಿದಾಗ ಜೀವಂತ ಎತ್ತು, ಕತ್ತೆಯನ್ನೇ ತಂದು ನಿಲ್ಲಿಸಿದ್ದರಂತೆ. ನಮ್ಮದಕ್ಕೂ ಜೀವ ಬಂತು. ಮೈದಾ ವಾಸನೆಗೆ ಮೊದಲು ಇರುವೆ, ಹಿಂದೆಯೇ ಇಲಿ. ಎರಡು ರಾತ್ರಿಯಲ್ಲಿ ಕೊಟ್ಟಿಗೆಯ ಹಿಮವೆಲ್ಲ ಕರಗಿತು. ಮಗ ಆ ಇಲಿಗೆ ಹೆರೋದ ಅಂತ, ಬೈಬಲ್‌ನಲ್ಲಿ ಬಾಲ ಯೇಸುವನ್ನು ಕೊಲ್ಲಲು ಹುಡುಕಿದ ರಾಜನ ಹೆಸರಿಟ್ಟ. ಮಿಕ್ಕ ಮಂಡಕ್ಕಿಯನ್ನು ಮುಚ್ಚಳವಿರುವ ಡಬ್ಬಿಗೆ ಸುರಿದಿಟ್ಟೆವು.

ನಮ್ಮನೆಯಲ್ಲಿ ಒಂದು ಪದ್ಧತಿ ಇದೆ. 24ರ ನಡುರಾತ್ರಿವರೆಗೆ ಬಾಲ ಯೇಸುವನ್ನು ಗೋದಲಿಯಲ್ಲಿ ಇಡುವಂತಿಲ್ಲ. ಹುಟ್ಟೇ ಇಲ್ಲವಲ್ಲ! ಅಲ್ಲಿವರೆಗೆ ಮಕ್ಕಳ ಕೈಗೆ ಸಿಗದ ಹಾಗೆ ಅವ್ವ ಬಚ್ಚಿಡುತ್ತಾರೆ. ಚರ್ಚಿನಲ್ಲಿ ಪೂಜೆ ಮುಗಿಸಿ ರಾತ್ರಿ ಒಂದೂವರೆಗೆ ಬಂದು, ಎಲ್ಲರೂ ಚಳಿಗೆ ಕೈ ಕಟ್ಟಿ ಗೋದಲಿ ಮುಂದೆ ನಿಂತೆವು. ಅವ್ವ ಸುಮ್ನೆ ನಿಂತಿದ್ದರು.

"ಎಲ್ಲವ್ವಾ?"

"ಜೋಪಾನವಾಗಿ ಇಟ್ಟೀನಪ್ಪಾ. ಎಲ್ಲಿ ಅನ್ನೋದು ಮರ್ತೋಯ್ತು."

ಬೀರು, ಅಕ್ಕಿ ಡ್ರಮ್ಮು, ಹೊಲಿಗೆ ಮಷೀನಿನ ಡ್ರಾಯರ್, ದಿಂಬಿನ ಕವರ್, ಎಲ್ಲ ಜಾಲಾಡಿದೆವು. ಅವ್ವ ಕಳೆದ ವರ್ಷದಿಂದ ಹುಡುಕುತ್ತಿದ್ದ ಕನ್ನಡಕ ಸಿಕ್ಕಿತು, ಯೇಸು ಸಿಗಲಿಲ್ಲ. ಎರಡೂವರೆಗೆ ಮಗಳು ಒಂದು ದಪ್ಪ ಶೇಂಗಾ ಕಾಯಿಯನ್ನು ಕರ್ಚೀಫಿನಲ್ಲಿ ಸುತ್ತಿ ಹುಲ್ಲಿನ ಮೇಲೆ ಮಲಗಿಸಿದಳು. ಯೇಸುವನ್ನು ನೋಡಲು ಅಷ್ಟು ದೂರದಿಂದ ಬಂದ ಗೋದಲಿಯ ಮೂವರು ಜ್ಞಾನಿಗಳು ಶೇಂಗಾ ನೋಡುತ್ತಾ ನಿಂತರು. ನಾವು ಮಲಗಿದೆವು.

ಬೆಳಿಗ್ಗೆ ಕರ್ಚೀಫ್ ಮಾತ್ರ ಇತ್ತು. ಹೆರೋದ ತನ್ನ ಕೆಲಸ ಮುಗಿಸಿದ್ದ.

ತಿಂಡಿಗೆ ಒಗ್ಗರಣೆ ಮಂಡಕ್ಕಿ. ಹೆಂಡತಿ ಡಬ್ಬಿ ತಂದು ನೀರಿನ ಪಾತ್ರೆಗೆ ಬೋರಲು ಹಾಕಿದಳು. ಮಂಡಕ್ಕಿ ಸುರ್ರನೆ ಬಿತ್ತು, ಕೊನೆಗೆ ಏನೋ ಡುಬುಕ್ ಅಂತು. ನೆನೆದ ಮಂಡಕ್ಕಿಯ ನಡುವೆ ಕೈ ಚಾಚಿ ನಗುತ್ತಾ ಬಾಲ ಯೇಸು ಮಲಗಿದ್ದ.

"ಹೌದಲ್ಲ! ಇಲಿ ಕಡಿದೀತು ಅಂತ ಮುಚ್ಚಳ ಇರೋ ಡಬ್ಬಿ ನೋಡಿ ಇಟ್ಟಿದ್ದೆ" ಅಂದರು ಅವ್ವ, ಕನ್ನಡಕ ಸರಿ ಮಾಡಿಕೊಳ್ಳುತ್ತಾ.

"ಹುಟ್ಟಿದ ದಿನವೇ ದೀಕ್ಷಾಸ್ನಾನವೂ ಆಯ್ತು ಬಿಡಜ್ಜಿ" ಅಂದ ಮಗ.

ಮಂಡಕ್ಕಿ ಚೆಲ್ಲಲಿಲ್ಲ. ಬಜೆಟ್ ಅಂದರೆ ಬಜೆಟ್. ಈರುಳ್ಳಿ, ಹಸಿಮೆಣಸು, ಪುಟಾಣಿ ಪುಡಿ ಹಾಕಿ, ಜೊತೆಗೆ ಮಿರ್ಚಿ ಕರಿದು ಪಕ್ಕದ ಮನೆ ಅಕ್ಕನಿಗೂ ಒಂದು ತಟ್ಟೆ ಕೊಟ್ಟು ಬಂದೆ. ಆಕಾಶಬುಟ್ಟಿ ಕೊಟ್ಟವರಲ್ವಾ. ಬಾಗಿಲಲ್ಲೇ ಒಂದು ತುತ್ತು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, "ಉಪ್ಪು ಸ್ವಲ್ಪ ಕಮ್ಮಿ ಆಗೇತಿ" ಅಂದರು.